ಬ್ರೆಜಿಲ್: ಕಾಫಿ ನಡೆದ ದಾರಿಯಲ್ಲಿ ಒಂದು ಪ್ರವಾಸ



ನಮ್ಮ ಕಣದಲ್ಲಿ ಒಣಗುವ ಕಾಫಿಯ ಬೆಲೆ ಬ್ರೆಜಿಲಿನ ಹವೆಯನ್ನು ನೋಡಿ ಏರಿಳಿಯುತ್ತದೆಂಬುದು ನಮಗೆಲ್ಲ ತಿಳಿದ ಸಂಗತಿ. ಆದರೆ ಆ ದೇಶದ ಬೆಟ್ಟ, ನೀರು, ಜನಜೀವನಗಳನ್ನು ಅರಿತವರು ಕಡಮೆ. ಭಾರತದ ಎರಡೂವರೆ ಪಟ್ಟಿಗಿಂತಲೂ ದೊಡ್ಡದಾದ ಆ ನಾಡನ್ನು, ಕಾಫಿ ಗಿಡ ನಡೆದ ದಾರಿಯಲ್ಲೇ ಒಮ್ಮೆ ಸುತ್ತಿ ಬರೋಣ.

1727ರಲ್ಲಿ ಕಾಫಿ ಮೊದಲು ಕಾಲಿಟ್ಟದ್ದು ಉತ್ತರದ ಪಾರಾ ಪ್ರಾಂತದಲ್ಲಿ, ಅಮೆಜಾನ್ ನದಿ ಕಡಲು ಸೇರುವ ಕಡೆ. ಆದರೆ ಅದಕ್ಕೆ ಒಗ್ಗಿದ್ದು ದಕ್ಷಿಣದ ರಿಯೊ ಡಿ ಜನೈರೊ ನಗರದ ಹಿಂದಿನ ಬೆಟ್ಟಗಳು. 19ನೆಯ ಶತಮಾನದಲ್ಲಿ ಪರೈಬಾ ನದಿಯ ಕಣಿವೆಯ ಮಳೆಕಾಡನ್ನು ಕಡಿದು, ಸುಟ್ಟು, ಕಾಫಿ ನೆಟ್ಟರು. ಸಾಲುಗಳನ್ನು ಗುಡ್ಡದ ನೆತ್ತಿಯಿಂದ ಬುಡಕ್ಕೆ ನೇರವಾಗಿ ಹಿಡಿದರು. ಮಳೆನೀರು ಅದೇ ಸಾಲುಗಳಲ್ಲಿ ಹರಿದು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಯಿತು. ಕೆಲವೇ ದಶಕಗಳಲ್ಲಿ ಆ ಸಿರಿವಂತ ಕಣಿವೆ ದನ ಮೇಯುವ ಬೋಳುಗುಡ್ಡವಾಯಿತು.

ಅಲ್ಲಿ ದುಡಿದವರು ಆಫ್ರಿಕದಿಂದ ತಂದ ಗುಲಾಮರು. ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಕಾಫಿ ಒಣಗಿಸುವ ಕಣದಲ್ಲೇ ಅವರು ರಾತ್ರಿ ಡೋಲು ಬಾರಿಸಿ, ಒಡೆಯನಿಗೆ ಅರ್ಥವಾಗದ ಒಗಟಿನ ಹಾಡು ಕಟ್ಟಿ ಕುಣಿಯುತ್ತಿದ್ದರು. ‘ಜೋಂಗೊ’ ಎಂಬ ಆ ಕುಣಿತ ಇಂದಿಗೂ ಉಳಿದಿದೆ. 2005ರಲ್ಲಿ ಅದನ್ನು ರಾಷ್ಟ್ರದ ಪರಂಪರೆಯೆಂದು ಮನ್ನಿಸಲಾಯಿತು.

ಇನ್ನು ರಿಯೊ ನಗರಕ್ಕೆ ಬರೋಣ. ನಗರದ ಮೇಲಿನ ತಿಜೂಕಾ ಬೆಟ್ಟದಲ್ಲೂ ಕಾಫಿಗಾಗಿ ಕಾಡು ಕಡಿದಿದ್ದರು. ತೊರೆಗಳು ಬತ್ತಿದವು, ಊರಿಗೆ ಕುಡಿಯುವ ನೀರಿಲ್ಲದಂತಾಯಿತು. 1861ರಲ್ಲಿ ಚಕ್ರವರ್ತಿ ಎರಡನೆಯ ಪೆಡ್ರೊ ಮತ್ತೆ ಕಾಡು ಬೆಳೆಸಲು ಆಜ್ಞೆ ಮಾಡಿದ. ಮೇಜರ್ ಆರ್ಚರ್ ಎಂಬಾತ ಮೊದಲಿಗೆ ಆರೇ ಮಂದಿ ಗುಲಾಮರೊಡನೆ ಸಸಿ ನೆಡಲು ತೊಡಗಿದ. ಕೈಯಿಂದ ನೆಟ್ಟ ಆ ಕಾಡು ಇಂದು ರಾಷ್ಟ್ರೀಯ ಉದ್ಯಾನ.

ಕಾಫಿ ಮಾತ್ರ ಹೊಸ ಮಣ್ಣು ಹುಡುಕುತ್ತ ಸಾವೊ ಪಾಲೊಗೆ, ಅಲ್ಲಿಂದ ಪರನಾಕ್ಕೆ ನಡೆಯಿತು. ಅಲ್ಲಿ 1975ರ ಜುಲೈ ತಿಂಗಳ ಹಿಮ ಗಿಡಗಳನ್ನು ಕರಕಲು ಮಾಡಿತು. ಜಗತ್ತಿನ ಬೆಲೆ ಗಗನಕ್ಕೇರಿತು. ಬಳಿಕ ಬೆಳೆ ಉತ್ತರದ ಮಿನಾಸ್ ಜೆರೈಸ್ ಕಡೆ ಸರಿಯಿತು. ಇಂದು ಅಲ್ಲಿನ ಸಮತಟ್ಟಾದ ಬಯಲಿನಲ್ಲಿ, ಬಿಸಿಲಿನಲ್ಲೇ ಬೆಳೆದ ಕಾಫಿಯನ್ನು ಯಂತ್ರಗಳು ಕೊಯ್ಯುತ್ತವೆ.

ಬ್ರೆಜಿಲಿಗೆ ಮುಂದಕ್ಕೆ ನಡೆಯಲು ನೆಲವಿತ್ತು. ನಮಗೆ ಇರುವುದು ಇದೊಂದೇ ಬೆಟ್ಟಸಾಲು. ಮಗಳ ಮದುವೆಯ ವರ್ಷ ಒರತೆಯ ಮೇಲಿನ ಹತ್ತು ಮರಗಳನ್ನು ನಾನೇ ಮಾರಿದೆ. ಅಂದಿನಿಂದ ಆ ಒರತೆ ಫೆಬ್ರವರಿಗೇ ಬತ್ತುತ್ತಿದೆ. ಕೆಳಗಿನ ಅಡಕೆ ತೋಟಕ್ಕೆ ಪಂಪು ಹೂಡಬೇಕಾಯಿತು. ಮರದ ವ್ಯಾಪಾರಿ ಅಂಗಳಕ್ಕೆ ಬಂದಾಗ ಸದಸ್ಯರು ಒಂದು ಲೆಕ್ಕ ಹಾಕಲಿ: ಅವನು ಕೊಡುವುದು ಮರದ ಬೆಲೆ ಮಾತ್ರ, ನೀರಿನ ಬೆಲೆಯಲ್ಲ. ಒರತೆಯ ಮೇಲ್ಭಾಗದ ಮರಗಳಿಗೆ ಕೊಡಲಿ ಬೇಡ. ಇಳಿಜಾರಿನಲ್ಲಿ ಸಾಲುಗಳು ಅಡ್ಡಕ್ಕೇ ಇರಲಿ.