ಚೆಂಡುಹೂವಿನ ಬಣ್ಣವೂ ಗುಳಿಗೆಯ ಲೆಕ್ಕವೂ



ಚೆಂಡುಹೂ ಹಬ್ಬದ ಹಾರಕ್ಕೆ ಮಾತ್ರವಲ್ಲ. ನಮ್ಮ ರಾಜ್ಯದಲ್ಲಿ ಅನೇಕ ರೈತರು ಇದನ್ನು ಬಣ್ಣ ತೆಗೆಯುವ ಕಾರ್ಖಾನೆಗಳಿಗಾಗಿಯೂ ಬೆಳೆಯುತ್ತಾರೆ. ಹೂವಿನ ಲ್ಯೂಟಿನ್ ಎಂಬ ಹಳದಿ ಸತ್ವವು ಕೋಳಿ ಆಹಾರಕ್ಕೂ, ಕಣ್ಣಿಗೆ ಒಳ್ಳೆಯದೆಂದು ಮಾರುವ ಗುಳಿಗೆಗಳಿಗೂ ಹೋಗುತ್ತದೆ. ಸೀಸೆಯ ಮೇಲೆ ಇಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದಷ್ಟೆ. ಆ ಲೆಕ್ಕವನ್ನು ಹೇಗೆ ಮಾಡುತ್ತಾರೆ? ಅದನ್ನು ಎಷ್ಟು ನಂಬಬಹುದು? ಈ ಸಲ ಅದನ್ನು ತಿಳಿಯೋಣ.

ಒಂದೇ ಕುಲ, ಬೇರೆ ಗುಣ

ಗಜ್ಜರಿ, ನುಗ್ಗೆಸೊಪ್ಪುಗಳಲ್ಲಿರುವ ಬೀಟಾ ಕೆರೋಟಿನ್ ಮತ್ತು ಲ್ಯೂಟಿನ್ ಎರಡೂ ಕೆರೋಟಿನಾಯ್ಡ್ ಎಂಬ ಒಂದೇ ಕುಲದವು. ಬೀಟಾ ಕೆರೋಟಿನ್ ದೇಹದಲ್ಲಿ ಎ ಜೀವಸತ್ವವಾಗುತ್ತದೆ, ಲ್ಯೂಟಿನ್ ಹಾಗಾಗುವುದಿಲ್ಲ. ಆದುದರಿಂದ ಬಣ್ಣ ಎಷ್ಟಿದೆ ಎಂದರೆ ಸಾಲದು. ಯಾವುದು ಎಷ್ಟಿದೆ ಎಂಬುದು ತಿಳಿಯಬೇಕು.

ಅಳೆಯುವ ಎರಡು ವಿಧಾನಗಳು

ಮೊದಲನೆಯದು ಬಣ್ಣ ನೋಡಿ ಅಳೆಯುವುದು. ಸತ್ವವನ್ನು ದ್ರಾವಣದಲ್ಲಿ ಕರಗಿಸಿ, ಅದರ ಮೂಲಕ ನೀಲಿ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತೆಂದು ಯಂತ್ರದಿಂದ ತಿಳಿಯುತ್ತಾರೆ. ಇದು ಸುಲಭ, ಖರ್ಚು ಕಡಿಮೆ. ಆದರೆ ಹಳದಿ ಬಣ್ಣಗಳನ್ನೆಲ್ಲ ಒಟ್ಟಿಗೆ ಎಣಿಸುತ್ತದೆ. ಹಾಲಿಗೆ ನೀರು ಬೆರೆಸಿ ಸಕ್ಕರೆಯನ್ನೂ ಹಾಕಿದರೆ ಲ್ಯಾಕ್ಟೋಮೀಟರ್ ಮೋಸಹೋಗುವಂತೆ, ಇದೂ ಮೋಸಹೋಗಬಹುದು.

ಎರಡನೆಯದು ಬೇರ್ಪಡಿಸಿ ಅಳೆಯುವುದು. ರಷ್ಯದ ಸಸ್ಯವಿಜ್ಞಾನಿ ತ್ಸ್ವೆತ್ ಎಂಬುವರು ಎಲೆಯ ರಸವನ್ನು ಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿದಾಗ ಬಣ್ಣಗಳು ಪಟ್ಟೆಪಟ್ಟೆಯಾಗಿ ಬೇರೆಯಾದವು. 1906ರಲ್ಲಿ ಅವರು ಇದಕ್ಕೆ ಕ್ರೊಮಟೋಗ್ರಫಿ ಎಂದು ಹೆಸರಿಟ್ಟರು. ಇಂದು ಉಕ್ಕಿನ ಕೊಳವೆಯಲ್ಲಿ ಪಂಪಿನ ಒತ್ತಡದಿಂದ ದ್ರಾವಣವನ್ನು ಹಾಯಿಸಿ ಒಂದೊಂದನ್ನೂ ಬೇರೆಯಾಗಿ ಅಳೆಯುತ್ತಾರೆ. ಖರ್ಚು ಹೆಚ್ಚು, ಆದರೆ ಗುಳಿಗೆಗೆ ಇದೇ ತಕ್ಕ ವಿಧಾನ.

ಅಳೆಯುವ ಮುನ್ನ

ಯಂತ್ರ ಒಳ್ಳೆಯದಾದರೂ ಸತ್ವ ಪೂರ್ತಿ ಹೊರಬರದಿದ್ದರೆ ಲೆಕ್ಕ ತಪ್ಪುತ್ತದೆ. ಕೆಲವು ಗುಳಿಗೆಗಳಲ್ಲಿ ಸತ್ವವನ್ನು ಜೆಲಾಟಿನ್ನಿನ ಸಣ್ಣ ಮಣಿಗಳಲ್ಲಿ ಅಡಗಿಸಿರುತ್ತಾರೆ. ಮೊದಲು ಆ ಮಣಿಗಳನ್ನು ಕರಗಿಸಬೇಕು. ಬೆಳಕು, ಶಾಖ, ಗಾಳಿಗಳಿಂದ ಸತ್ವ ಕೆಡುವುದರಿಂದ ಮಂದ ಬೆಳಕಿನಲ್ಲಿ, ಕಂದು ಗಾಜಿನ ಪಾತ್ರೆಗಳಲ್ಲಿ ಕೆಲಸ ಮಾಡುತ್ತಾರೆ.

ಚೆಂಡುಹೂವಿನ ಲ್ಯೂಟಿನ್ ಹೆಚ್ಚಾಗಿ ಕೊಬ್ಬಿನ ಆಮ್ಲದೊಡನೆ ಕೂಡಿಕೊಂಡಿರುತ್ತದೆ. ಇದಕ್ಕೆ ಲ್ಯೂಟಿನ್ ಎಸ್ಟರ್ ಎಂದು ಹೆಸರು. ಇದರ ತೂಕದಲ್ಲಿ ನಿಜವಾದ ಲ್ಯೂಟಿನ್ ಹೆಚ್ಚುಕಡಿಮೆ ಅರ್ಧ ಮಾತ್ರ. 20 ಮಿಲಿಗ್ರಾಂ ಎಸ್ಟರ್ ಎಂದರೆ ಸುಮಾರು 11 ಮಿಲಿಗ್ರಾಂ ಲ್ಯೂಟಿನ್. ಸಿಪ್ಪೆಸಹಿತ ಕಡಲೆಕಾಯಿಯ ತೂಕವನ್ನು ಬೀಜದ ತೂಕವೆಂದು ಹೇಳಿದರೆ ನೀವು ಒಪ್ಪುವಿರಾ?

ವಿಧಾನದ ಪರೀಕ್ಷೆ

ತಕ್ಕಡಿಯನ್ನು ತಿಳಿದ ಬಟ್ಟಿನಿಂದ ಪರೀಕ್ಷಿಸುವಂತೆ ವಿಧಾನವನ್ನೂ ಪರೀಕ್ಷಿಸತಕ್ಕದ್ದು.

1. ಮಾದರಿಗೆ ತಿಳಿದಷ್ಟು ಸತ್ವ ಸೇರಿಸಿ ಅಳೆಯಬೇಕು. ಸೇರಿಸಿದ 100 ಪಾಲಿನಲ್ಲಿ 70 ಮಾತ್ರ ಸಿಕ್ಕರೆ ಉಳಿದುದು ಎಲ್ಲೋ ಕಳೆದಿದೆ.
2. ಅದೇ ಮಾದರಿಯನ್ನು ಬೇರೆ ದಿನ, ಬೇರೆ ಪ್ರಯೋಗಶಾಲೆಯಲ್ಲಿ ಅಳೆದರೂ ಉತ್ತರ ಹೊಂದಬೇಕು.
3. ಪ್ರಮಾಣ ತಿಳಿದ ಗುಳಿಗೆಯನ್ನು ಅಳೆದು ನೋಡಬೇಕು. ಅಮೆರಿಕದ ರಾಷ್ಟ್ರೀಯ ಅಳತೆ ಸಂಸ್ಥೆಯು ಇದಕ್ಕಾಗಿಯೇ ಇಂಥ ಜೀವಸತ್ವದ ಗುಳಿಗೆಗಳನ್ನು ಸಿದ್ಧಪಡಿಸಿತು.

ಇಷ್ಟು ಕಟ್ಟುನಿಟ್ಟು ಏಕೆ?

ಬೀಟಾ ಕೆರೋಟಿನ್ ಹೆಚ್ಚಾದರೆ ನಷ್ಟವಿಲ್ಲವೆಂದು ಕೆಲವರು ಭಾವಿಸುತ್ತಾರೆ. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ ಗಂಡಸರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ಕೊಟ್ಟು ನೋಡಿದರು. 1994ರಲ್ಲಿ ಫಲ ಪ್ರಕಟವಾಯಿತು: ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಾಗಿತ್ತು. ಬೀಡಿ, ಸಿಗರೇಟು ಸೇದುವವರು ವೈದ್ಯರನ್ನು ಕೇಳದೆ ಈ ಗುಳಿಗೆಯನ್ನು ನುಂಗಬಾರದು.

ಆದುದರಿಂದ ಗುಳಿಗೆ ಕೊಳ್ಳುವ ಮೊದಲು ಸೀಸೆಯನ್ನು ಓದಿರಿ: ಯಾವ ಸತ್ವ, ಲ್ಯೂಟಿನ್ನೋ ಎಸ್ಟರೋ, ಎಷ್ಟು ಮಿಲಿಗ್ರಾಂ? ದಿನದ ಊಟಕ್ಕಾದರೋ ಹಿತ್ತಲಿನ ನುಗ್ಗೆಸೊಪ್ಪು, ದಂಟಿನಸೊಪ್ಪು, ಪರಂಗಿಹಣ್ಣು ಇದ್ದೇ ಇವೆ. ಸೊಪ್ಪಿಗೆ ಸ್ವಲ್ಪ ಎಣ್ಣೆಯ ಒಗ್ಗರಣೆ ಕೊಡಿರಿ. ಎಣ್ಣೆಯಿದ್ದರೆ ಈ ಸತ್ವ ಮೈಗೆ ಚೆನ್ನಾಗಿ ಹತ್ತುತ್ತದೆ.