ಹೊಸ ಊರಿನಲ್ಲಿ ಗೆಳೆಯರು
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 18:1-3

ಪ್ರಿಯರೇ, ನಿಮ್ಮಲ್ಲಿ ಎಷ್ಟೋ ಜನ ಕೆಲಸಕ್ಕಾಗಿ ಊರು ಬಿಟ್ಟು ಬೆಂಗಳೂರಿಗೆ ಬಂದವರು. ನಾನೂ ಬೈಲಹೊಂಗಲ ತಾಲ್ಲೂಕಿನ ದೊಡವಾಡದವನು. ಅಲ್ಲಿ ಹೊಸಬರು ಕಂಡ್ರೆ ಸಾಕು, "ಯಾವೂರ್ರಿ ನಿಮ್ದು?" ಅಂತ ಕೇಳ್ತಾರೆ. ಇಲ್ಲಿ ಪಿಜಿಯಲ್ಲಿ ಪಕ್ಕದ ರೂಮಿನವರ ಹೆಸರೂ ಗೊತ್ತಿರಲ್ಲ. ಆರಾಧನೆಯಲ್ಲಿ ಕೈ ಎತ್ತಿ ಸ್ತುತಿಸಿ, ಯಾರ ಹತ್ರಾನೂ ಮಾತಾಡದೆ ಮೆಟ್ರೋ ಹತ್ತೋರು ನಮ್ಮ ಸಭೆಯಲ್ಲೂ ಇದ್ದಾರೆ. ಅವರಿಗೆ ಭಾನುವಾರ ಸಂಜೆ ಬಹಳ ಉದ್ದ.

ಪೌಲನು ಅಥೇನೆಯಿಂದ ಕೊರಿಂಥಕ್ಕೆ ಬಂದಾಗ ಸೀಲನೂ ತಿಮೊಥೆಯನೂ ಇನ್ನೂ ಬಂದು ಸೇರಿರಲಿಲ್ಲ. ಅಲ್ಲಿ ಅವನಿಗೆ ಸಿಕ್ಕಿದವರು ಅಕ್ವಿಲ, ಪ್ರಿಸ್ಕಿಲ್ಲ. ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಡಿಸಿದ್ದರಿಂದ ಅವರೂ ಆಗಷ್ಟೇ ಬಂದವರು. ಹೊಸಬನಿಗೆ ಹೊಸಬರೇ ಸಿಕ್ಕರು ನೋಡಿ! ಅವರ ಕಸುಬೂ ಇವನ ಕಸುಬೂ ಒಂದೇ, ಗುಡಾರ ಮಾಡುವುದು. ಪೌಲನು ಅವರ ಮನೆಯಲ್ಲೇ ಇದ್ದು ಜೊತೆಗೆ ಕೆಲಸ ಮಾಡಿದನು. ನನಗೆ ತುಂಬಾ ಹಿಡಿಸಿದ್ದು ಇದೇ. ಕೈಗೆ ಕೆಲಸ ಇತ್ತು, ಮಾತು ತಾನಾಗಿ ಬಂದಿರಬೇಕು. ಮುಂದೆ ರೋಮಾಪುರದವರಿಗೆ 16:3-4 ಓದಿ: ಪೌಲನ ಪ್ರಾಣ ಉಳಿಸೋಕೆ ಇದೇ ಇಬ್ಬರು ತಮ್ಮ ಪ್ರಾಣವನ್ನೇ ಅಪಾಯಕ್ಕೆ ಒಡ್ಡಿದರು!

ನಾಚಿಕೆ ಸ್ವಭಾವದವರೇ, ಪರಿಚಯ ಮಾಡ್ಕೊಳ್ಳೋಕೆ ನಾಲಿಗೆ ಏಳದಿದ್ರೆ ಬಿಡಿ. ಕೂಟ ಮುಗಿದ ಮೇಲೆ ಕುರ್ಚಿ ಎತ್ತಿಡೋರ ಹತ್ರ ಹೋಗಿ, ನೀವೂ ನಾಲ್ಕು ಎತ್ತಿ. ವರ್ಷಗಳಿಂದ ಇಲ್ಲಿರೋ ತಮ್ಮಂದಿರೇ, ತಂಗಿಯರೇ, ಬಾಗಿಲ ಹತ್ರ ಒಬ್ಬರೇ ಚಪ್ಪಲಿ ಹುಡುಕ್ತಾ ಇರೋರನ್ನ ಇವತ್ತೇ ಊಟಕ್ಕೆ ಕರೀರಿ. ನಮ್ಮೂರಿನವರ ಹಾಗೆ ಮೊದಲು ಯಾವೂರು ಅಂತ ಕೇಳಿದ್ರೂ ಪರವಾಗಿಲ್ಲ.