ಸಮಾಜಕಾರ್ಯ ಓದಲು ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ಮಂಗಳೂರಿನಲ್ಲಿ ನಿನಗೆ ಬಿಎಸ್‌ಡಬ್ಲ್ಯೂ ಸೀಟು ಸಿಕ್ಕಿತೆಂದು ನಿಮ್ಮವ್ವ ಫೋನ್ ಮಾಡಿದ್ದಳು. "ಅಕ್ಕಾ, ಮಂದಿಗೆ ಒಳ್ಳೇದು ಮಾಡಾಕ ಡಿಗ್ರಿ ಯಾಕ ಬೇಕು?" ಎಂದು ಕೇಳಿದಳು. ಇದೇ ಪ್ರಶ್ನೆ ನಿನಗೂ ಮದುವೆ-ಮುಂಜಿಗಳಲ್ಲಿ ಎದುರಾಗುತ್ತದೆ. ಆಸ್ಪತ್ರೆಯಲ್ಲಿ ಸಮಾಜಕಾರ್ಯಕರ್ತೆಯಾಗಿ ದುಡಿದವಳು ನಾನು, ಉತ್ತರ ನಾನೇ ಬರೆಯಬೇಕು.

ಒಬ್ಬ ಅಜ್ಜಿಯ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿದೆ ಎಂದುಕೋ. ಕನಿಕರವುಳ್ಳವರು ಕೈಗೆ ಐನೂರು ರೂಪಾಯಿ ಕೊಡುತ್ತಾರೆ. ಅದು ತಪ್ಪಲ್ಲ, ಆದರೆ ಮುಂದಿನ ತಿಂಗಳು ಅಜ್ಜಿ ಮತ್ತೆ ಖಾಲಿ ಕೈ. ಸಮಾಜಕಾರ್ಯ ಕಲಿತವಳು ಪಕ್ಕದಲ್ಲಿ ಕೂತು ಪಾಸ್‌ಬುಕ್ ಬಿಡಿಸುತ್ತಾಳೆ. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಇದೆಯೇ ಎಂದು ನೋಡುತ್ತಾಳೆ. ಅಜ್ಜಿಯನ್ನೇ ನಾಡಕಚೇರಿಗೆ ಕರೆದೊಯ್ದು, ಮಾತನ್ನೂ ಅಜ್ಜಿಗೇ ಬಿಡುತ್ತಾಳೆ. ಇನ್ನೊಂದು ಸಲ ಅಜ್ಜಿ ತಾನೇ ಹೋಗಬಲ್ಲಳು. ಓಣಿಯಲ್ಲಿ ಇನ್ನೂ ನಾಲ್ಕಾರು ಮಂದಿಗೆ ಅದೇ ತೊಡಕಿದ್ದರೆ ಅವರನ್ನು ಒಟ್ಟು ಸೇರಿಸುವುದು ಆಮೇಲಿನ ಕೆಲಸ. ವ್ಯಕ್ತಿಗತ ಸಮಾಜಕಾರ್ಯ, ಸಮುದಾಯ ಸಂಘಟನೆ ಎಂದು ನಿನ್ನ ಪಠ್ಯದಲ್ಲಿ ಬರುವ ದೊಡ್ಡ ಮಾತುಗಳ ಜೀವ ಇಷ್ಟರಲ್ಲೇ ಇದೆ.

ನೀನು ಸೇರಿದ ಊರೂ ಸಾಮಾನ್ಯದ್ದಲ್ಲ. ವಕೀಲರಾಗಿದ್ದ ಕುದ್ಮುಲ್ ರಂಗರಾಯರು 1897ರಲ್ಲಿ ಅಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ತಮ್ಮ ಜಾತಿಯವರ ವಿರೋಧ ಎದುರಿಸಿಯೂ ದಲಿತ ಮಕ್ಕಳ ಓದಿಗಾಗಿ ದುಡಿದರು. ಆಗ ಈ ದೇಶದಲ್ಲಿ ಸಮಾಜಕಾರ್ಯ ಕಲಿಸುವ ಶಾಲೆಯೇ ಇರಲಿಲ್ಲ. ಈಗ ಟಿಸ್ ಎನಿಸಿಕೊಂಡಿರುವ ಮುಂಬಯಿಯ ಸಂಸ್ಥೆ ಶುರುವಾದದ್ದು 1936ರಲ್ಲಿ, ಮಂಗಳೂರಿನ ರೋಶನಿ ನಿಲಯ 1960ರಲ್ಲಿ.

ಕ್ಷೇತ್ರಕಾರ್ಯದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ನಿನ್ನನ್ನು ಬಾಲಮಂದಿರಕ್ಕೋ ಆಸ್ಪತ್ರೆಗೋ ಗ್ರಾಮ ಪಂಚಾಯಿತಿಗೋ ಕಳಿಸುತ್ತಾರೆ. ಮೊದಲ ವಾರಗಳಲ್ಲಿ ಯಾರೂ ಕೆಲಸ ಹೇಳುವುದಿಲ್ಲ. ಬೆಂಚಿನ ಮೇಲೆ ಕೂತು ಕೂತು ಬೇಸರವಾಗುತ್ತದೆ. ಆಗ ಎದ್ದು ಹೋಗಬೇಡ. ಯಾರು ಯಾರ ಜೊತೆ ಬಂದರು, ಯಾರನ್ನು ನಾಳೆ ಬಾ ಎಂದು ವಾಪಸು ಕಳಿಸಿದರು, ಹೆಂಗಸಿಗೆ ಕೇಳಿದ ಪ್ರಶ್ನೆಗೆ ಗಂಡನೇ ಉತ್ತರ ಕೊಟ್ಟನೇ ಎಂದು ಗಮನಿಸು. ವರದಿಯನ್ನು ಅವತ್ತೇ ರಾತ್ರಿ ಬರೆ. "ಕುಡುಕ ತಂದೆ" ಎಂದು ಷರಾ ಹಾಕಬೇಡ, ಆತ ಏನು ಹೇಳಿದ, ನೀನು ಏನು ಕಂಡೆ ಎಂದು ಬರೆ. ಬಾಲಮಂದಿರದ ಮಕ್ಕಳ ಫೋಟೋ ನಿನ್ನ ಸ್ಟೇಟಸ್‌ಗೆ ಹೋಗಲೇಬಾರದು. ಅಂಥ ಮಕ್ಕಳ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ಅದು ಸಲ್ಲದು.

ತುಳು ಕಲಿ. ಬ್ಯಾರಿ, ಕೊಂಕಣಿ ಕಿವಿಗೆ ಬೀಳಲಿ. ನಮ್ಮ ಹಾವೇರಿಯ ಮಾತನ್ನೂ ಬಿಡಬೇಡ. ಕಟ್ಟಡ ಕೆಲಸಕ್ಕೆ ಅಲ್ಲಿಗೆ ಗುಳೆ ಬಂದ ನಮ್ಮ ಕಡೆಯ ಕುಟುಂಬಗಳು ಅಲ್ಲಿನವರಿಗೆ ಹೇಳದ ಕಷ್ಟವನ್ನು ನಿನಗೆ ಹೇಳುತ್ತವೆ.

ಸಂಬಳದ ವಿಷಯ ಮುಚ್ಚಿಡುವುದಿಲ್ಲ. ಈ ಪದವಿಯೊಂದರಿಂದಲೇ ಸಿಗುವ ಕೆಲಸಗಳಲ್ಲಿ ದುಡ್ಡು ಕಡಿಮೆ. ಎಂಎಸ್‌ಡಬ್ಲ್ಯೂ ಮಾಡು, ಮನೋವೈದ್ಯಕೀಯ ಸಮಾಜಕಾರ್ಯ ಹಿಡಿಸಿದರೆ ಆಮೇಲೆ ನಿಮ್ಹಾನ್ಸ್ ಇದೆ. 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ದಾರಿಗಳಿವೆ. ನಿಮ್ಮವ್ವನಿಗೆ ನಾನು ಹೇಳುತ್ತೇನೆ.

ಕೆಲವು ರಾತ್ರಿ ನಿದ್ದೆ ಬರುವುದಿಲ್ಲ. ಆಗ ನಿನ್ನ ಮೇಲ್ವಿಚಾರಕರ ಹತ್ತಿರ ಮಾತಾಡು, ಒಬ್ಬಳೇ ನುಂಗಿಕೊಳ್ಳಬೇಡ. ನನಗೂ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಎತ್ತುತ್ತೇನೆ.

ನಿನ್ನ ದೊಡ್ಡವ್ವ